ಕಿವಿಯಲ್ಲಿ ನೋಡಿದ ಚಿತ್ರಗಳು

ಚಿತ್ರಕಲೆಯ ಬಗ್ಗೆ ಪಾಡ್‌ಕಾಸ್ಟ್ ಕೇಳುತ್ತೇನೆ ಅಂದರೆ ಜನ ಒಂಥರಾ ನೋಡುತ್ತಾರೆ. ಚಿತ್ರವನ್ನು ಕೇಳೋದಾ? ಊಟದ ಫೋಟೊ ನೋಡಿ ಹೊಟ್ಟೆ ತುಂಬಿಸಿಕೊಂಡ ಹಾಗಾಯಿತು ಅಲ್ವಾ? ಮೊದಲು ನನಗೂ ಹಾಗೇ ಅನಿಸಿತ್ತು.

'ದಿ ಲೋನ್ಲಿ ಪ್ಯಾಲೆಟ್' ಮೊದಲ ಸಲ ಕೇಳಿದಾಗ ಪಾತ್ರೆ ತೊಳೆಯುತ್ತಿದ್ದೆ. ಹಿಂದಿನ ಕಾರ್ಯಕ್ರಮ ಮುಗಿದು ತಾನಾಗಿಯೇ ಇದು ಶುರುವಾಯಿತು. ಬದಲಾಯಿಸೋಣ ಅಂದರೆ ಕೈ ತುಂಬ ಸೋಪು. ಫೋನ್ ಮುಟ್ಟುವ ಹಾಗಿಲ್ಲ. ಸರಿ, ಇರಲಿ ಅಂತ ಬಿಟ್ಟೆ. ಪಾತ್ರೆ ಮುಗಿದು ಎಷ್ಟೋ ಹೊತ್ತಾದರೂ ನಲ್ಲಿ ಮುಂದೆಯೇ ನಿಂತಿದ್ದೆ.

ಟಮಾರ್ ಅವಿಶಾಯ್ ಎಂಬ ಕಲಾ ಇತಿಹಾಸಕಾರ್ತಿ 2016ರಲ್ಲಿ ಬಾಸ್ಟನ್‌ನಲ್ಲಿ ಶುರು ಮಾಡಿದ ಪಾಡ್‌ಕಾಸ್ಟ್ ಇದು. ಒಂದು ಕಂತಿಗೆ ಒಂದೇ ಕಲಾಕೃತಿ. ಶುರುವಿಗೇ ಪಂಡಿತರ ಮಾತು ಬರುವುದಿಲ್ಲ. ಮ್ಯೂಸಿಯಂಗೆ ಸುಮ್ನೆ ಬಂದು ಹೋಗುವ ಜನರ ದನಿ ಬರುತ್ತದೆ. ಚಿತ್ರದ ಎದುರು ನಿಂತವರಿಗೆ ಮೈಕ್ ಹಿಡಿದು ಏನು ಕಾಣುತ್ತಿದೆ ಅಂತ ಕೇಳಿದ್ದಾರೆ, ಅಷ್ಟೇ. ಅವರು ತಡವರಿಸುತ್ತಾರೆ. ಒಬ್ಬರಿಗೆ ಬಣ್ಣ ಕಾಣುತ್ತದೆ. ಇನ್ನೊಬ್ಬರಿಗೆ ಮೂಲೆಯಲ್ಲಿರುವ ಯಾವುದೋ ಸಣ್ಣ ವಸ್ತು. ಮತ್ತೊಬ್ಬರು ಏನೋ ಹೇಳಲು ಹೋಗಿ, ನಕ್ಕು, ಬೇರೆ ಪದ ಹುಡುಕುತ್ತಾರೆ. ಇದೆಲ್ಲ ಆದಮೇಲೆಯೇ ಅವಿಶಾಯ್ ಮಾತು ಶುರು. ಅಷ್ಟು ಹೊತ್ತಿಗೆ ನನ್ನ ತಲೆಯಲ್ಲಿ ಒಂದು ಅರೆಬರೆ ಚಿತ್ರ ಮೂಡಿರುತ್ತದೆ. ತಪ್ಪೋ ಸರಿಯೋ, ಅದು ನಾನೇ ಕಟ್ಟಿಕೊಂಡದ್ದು. ಆಮೇಲೆ ಅವರು ಹೇಳುವ ಇತಿಹಾಸ, ಕಾಲ, ಕಲಾವಿದರ ಜಗಳ, ಎಲ್ಲವೂ ಆ ನನ್ನ ಚಿತ್ರಕ್ಕೆ ಹೋಗಿ ಅಂಟಿಕೊಳ್ಳುತ್ತವೆ.

ಫೋನಿನ ಪರದೆಯಲ್ಲಿ ನಾನು ಒಂದು ಚಿತ್ರವನ್ನು ಎಷ್ಟು ಹೊತ್ತು ನೋಡುತ್ತೇನೆ? ನಿಜ ಹೇಳಬೇಕೆಂದರೆ, ಎರಡು ಸೆಕೆಂಡ್. ಬೆರಳು ಆಗಲೇ ಮೇಲಕ್ಕೆ ತಳ್ಳಿರುತ್ತದೆ. ಅದೇ ಚಿತ್ರವನ್ನು ಕೇಳುವಾಗ ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಅದರ ಜೊತೆ ಇದ್ದೆ. ಕಣ್ಣಿಗೆ ಕೊಡದೆ ಮುಚ್ಚಿಟ್ಟದ್ದಕ್ಕೇ ಇಷ್ಟು ಹೊತ್ತು ನಿಂತೆನಲ್ಲ ಅನಿಸಿತು.

ಇದನ್ನು ಗೆಳತಿಯೊಬ್ಬಳಿಗೆ ಹೇಳಿದೆ. ಅವಳು ಚಿತ್ರ ಬಿಡಿಸುತ್ತಾಳೆ, ಸುಮಾರಾಗಿ. "ಹಾಗಾದರೆ ನೀನೊಂದು ಚಿತ್ರ ಹೇಳು, ನಾನು ಬಿಡಿಸ್ತೀನಿ" ಎಂದಳು. ಫೋನಿನಲ್ಲೇ. ನಾನು ಆರಿಸಿಕೊಂಡದ್ದು ಡಚ್ ಚಿತ್ರಕಾರ ವರ್ಮೀರ್‌ನ ಹಾಲು ಸುರಿಯುವ ಹೆಂಗಸನ್ನು. 1650ರ ದಶಕದ ಕೊನೆಯ ಹೊತ್ತಿಗೆ ಬಿಡಿಸಿದ್ದು, ಈಗ ಆಮ್‌ಸ್ಟರ್‌ಡಾಮಿನ ರೈಕ್ಸ್ ಮ್ಯೂಸಿಯಂನಲ್ಲಿದೆ. ಅಷ್ಟು ಹೆಸರುವಾಸಿಯಾದ ಚಿತ್ರ ದೊಡ್ಡದಿರಬೇಕು ಅಂದುಕೊಂಡಿದ್ದೆ. 45.5 ಸೆಂಟಿಮೀಟರ್ ಎತ್ತರ, 41 ಸೆಂಟಿಮೀಟರ್ ಅಗಲ. ಕಂಕುಳಲ್ಲಿ ಹಿಡಿದು ನಡೆಯಬಹುದಾದಷ್ಟು.

ಹೆಸರು ಹೇಳಬಾರದು ಅಂತ ನಿಯಮ. ಶುರು ಮಾಡಿದೆ. ಎಡಗಡೆ ಒಂದು ಕಿಟಕಿ. ಅದರಿಂದ ಬೆಳಕು ಬರುತ್ತಿದೆ. ಒಬ್ಬಳು ಹೆಂಗಸು ನಿಂತಿದ್ದಾಳೆ, ಗಟ್ಟಿ ಮೈಕಟ್ಟು, ತಲೆಗೆ ಬಿಳಿ ಟೋಪಿ. ಹಳದಿ ರವಿಕೆ, ನೀಲಿ ಏಪ್ರನ್. ತೋಳು ಮೇಲಕ್ಕೆ ಸರಿಸಿಕೊಂಡಿದ್ದಾಳೆ. ಹೂಜಿಯಿಂದ ಹಾಲು ಸುರಿಯುತ್ತಿದ್ದಾಳೆ.

"ಹೇಗೆ ಹಿಡಿದಿದ್ದಾಳೆ?"

ನೋಡಿದೆ. ಒಂದು ಕೈ ಹಿಡಿಕೆಯಲ್ಲಿ, ಇನ್ನೊಂದು ಕೈ ಕೆಳಗಿನಿಂದ ಆಧಾರ ಕೊಟ್ಟಿದೆ. ಎಷ್ಟು ಸಲ ಈ ಚಿತ್ರ ನೋಡಿದ್ದೇನೋ, ಆ ಕೆಳಗಿನ ಕೈಯನ್ನು ಗಮನಿಸಿರಲಿಲ್ಲ.

"ನಗ್ತಿದ್ದಾಳಾ?"

ಇಲ್ಲ. ಬೇಜಾರೂ ಇಲ್ಲ. ಹಾಲನ್ನೇ ನೋಡುತ್ತಿದ್ದಾಳೆ.

"ಹಾಲು ದಪ್ಪಗೆ ಬೀಳ್ತಿದೆಯಾ, ಸಣ್ಣಗಾ?"

ಸಣ್ಣಗೆ. ದಾರದ ಹಾಗೆ. ಅವಳಿಗೆ ಯಾವ ಅವಸರವೂ ಇಲ್ಲ.

ಮೇಜಿನ ಮೇಲೆ ಬ್ರೆಡ್ಡು, ಬುಟ್ಟಿ. ಬ್ರೆಡ್ಡಿನ ಮೇಲೆ ಬೆಳಕು ಬಿದ್ದದ್ದನ್ನು ಹೇಳಲು ಹೋಗಿ ಸಿಕ್ಕಿಕೊಂಡೆ. ವರ್ಮೀರ್ ಅಲ್ಲಿ ಸಣ್ಣ ಸಣ್ಣ ಬಿಳಿ ಚುಕ್ಕೆಗಳನ್ನು ಇಟ್ಟಿದ್ದಾನೆ. ಹೊಳೆಯುತ್ತಿದೆ ಅಂದೆ. "ಹೇಗೆ ಹೊಳೀತಿದೆ? ಥಳಥಳ ಅಂತಾನಾ, ಮಿಣಮಿಣ ಅಂತಾನಾ?" ಎಂದು ಕೇಳಿದಳು. ನಾನು ಒಂದು ಕ್ಷಣ ಮಾತೇ ಆಡಲಿಲ್ಲ. ಥಳಥಳ ಅಲ್ಲ, ಅದು ಹೊಸ ಪಾತ್ರೆಗೆ. ಫಳಫಳವೂ ಅಲ್ಲ. ಜಗಜಗ ಅಂತೂ ಅಲ್ಲವೇ ಅಲ್ಲ. ಮಿಣಮಿಣ ಸ್ವಲ್ಪ ಹತ್ತಿರ.

ಆ ರಾತ್ರಿ ಇದನ್ನೇ ಯೋಚಿಸುತ್ತಾ ಮಲಗಿದ್ದೆ. ಥಳಥಳ, ಫಳಫಳ, ಮಿಣಮಿಣ, ಜಗಜಗ, ಲಕಲಕ. ಇವೆಲ್ಲ ಸದ್ದಿನ ಪದಗಳ ಹಾಗೇ ಇವೆ. ದಡದಡ, ಪಟಪಟಗಳ ಒಡಹುಟ್ಟುಗಳು. ಆದರೆ ಹೇಳುವುದು ಬೆಳಕನ್ನು. ಬೆಳಕಿಗೆ ಸದ್ದೇ ಇಲ್ಲವಲ್ಲ! ಆದರೂ ಕನ್ನಡ ಆಡುವ ಯಾರಿಗೇ ಆಗಲಿ, ಥಳಥಳಕ್ಕೂ ಮಿಣಮಿಣಕ್ಕೂ ಇರುವ ವ್ಯತ್ಯಾಸ ಕಣ್ಣು ಮುಚ್ಚಿದರೂ ಗೊತ್ತು. ನಾವು ಮೊದಲಿನಿಂದಲೂ ಕಿವಿಯಲ್ಲೇ ನೋಡುತ್ತಿದ್ದೆವು. ಚಿತ್ರ ಕೇಳುತ್ತೇನೆ ಅಂದರೆ ಒಂಥರಾ ನೋಡುವವರಿಗೆ ಈಗ ನನ್ನ ಹತ್ತಿರ ಉತ್ತರ ಇದೆ.

ಅವಳು ಬಿಡಿಸಿದ್ದು ಹೇಗಿತ್ತು ಅಂತ ಆಮೇಲೆ ಹೇಳುತ್ತೇನೆ.

ಈ ಚಿತ್ರದ ಇನ್ನೊಂದು ಸಂಗತಿ ಇದೆ. 2022ರಲ್ಲಿ ರೈಕ್ಸ್ ಮ್ಯೂಸಿಯಂನವರು ಇದನ್ನು ಹೊಸ ಉಪಕರಣಗಳಲ್ಲಿ ಸ್ಕ್ಯಾನ್ ಮಾಡಿದಾಗ, ಬಣ್ಣದ ಅಡಿಯಲ್ಲಿ ಬೇರೆ ವಸ್ತುಗಳು ಕಾಣಿಸಿದವು. ಹೆಂಗಸಿನ ತಲೆಯ ಹಿಂದೆ ಹೂಜಿಗಳನ್ನು ನೇತುಹಾಕುವ ಹಲಗೆ. ಕೆಳಗೆ ಕೆಂಡವಿಟ್ಟು ಬೆಚ್ಚಗೆ ಮಾಡುವ ಬೆಂಕಿಯ ಬುಟ್ಟಿ. ವರ್ಮೀರ್ ಮೊದಲು ಅವನ್ನು ಹಾಕಿ, ಆಮೇಲೆ ತಾನೇ ಮುಚ್ಚಿಬಿಟ್ಟಿದ್ದ. ಈಗ ನಾವು ಅಬ್ಬಾ ಎಂಥ ನಿಶ್ಶಬ್ದದ ಗೋಡೆ ಅನ್ನುತ್ತೇವಲ್ಲ, ಅದು ಮೊದಲು ಸಾಮಾನು ತುಂಬಿದ್ದ ಗೋಡೆ. ನನಗೆ ಇಷ್ಟವಾದ ಪಾಡ್‌ಕಾಸ್ಟ್‌ಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ, ಅವುಗಳಲ್ಲೂ ಇಂಥದ್ದೇ ಒಂದು ಗುಣ ಇದೆ. ಏನನ್ನೋ ತೆಗೆದುಹಾಕಿರುತ್ತಾರೆ.

'ಸಾಂಗ್ ಎಕ್ಸ್‌ಪ್ಲೋಡರ್' ತೆಗೆದುಕೊಳ್ಳಿ. ಹೃಷಿಕೇಶ್ ಹಿರ್ವೇ 2014ರಲ್ಲಿ ಶುರು ಮಾಡಿದ್ದು. ಅವರೂ ಸಂಗೀತಗಾರರೇ. ಹಾಡು ಕಟ್ಟಿದವರನ್ನು ಕೂರಿಸಿಕೊಂಡು, ಒಂದೇ ಹಾಡನ್ನು ಬಿಡಿಬಿಡಿಯಾಗಿ ಬಿಚ್ಚಿಸುತ್ತಾರೆ. ಸ್ಟುಡಿಯೊದಲ್ಲಿ ಹಾಡು ರೆಕಾರ್ಡ್ ಆಗುವಾಗ ಡ್ರಮ್ಮು, ಬೇಸ್, ಗಿಟಾರು, ಕಂಠ ಎಲ್ಲ ಬೇರೆ ಬೇರೆ ಟ್ರ್ಯಾಕಿನಲ್ಲಿ ಇರುತ್ತವೆ. ಅವನ್ನು ಒಂದೊಂದಾಗಿ ಕೇಳಿಸುತ್ತಾರೆ. ಕೊನೆಯಲ್ಲಿ ಪೂರ್ತಿ ಹಾಡು.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ. ಸಂದರ್ಶನ ಮಾಡುವವರ ದನಿಯೇ ಇಲ್ಲ. ಪ್ರಶ್ನೆ ಕೇಳಿದವರು ತಾವೇ, ಎಡಿಟ್ ಮಾಡುವಾಗ ತಮ್ಮ ಪ್ರಶ್ನೆಗಳನ್ನೆಲ್ಲ ಕತ್ತರಿಸಿ ಎಸೆದಿದ್ದಾರೆ. ಮೊದಲಿಗೆ ಒಂದಿಷ್ಟು, ಕೊನೆಗೆ ಒಂದಿಷ್ಟು ಮಾತಾಡುತ್ತಾರೆ. ನಡುವೆ ಇಲ್ಲ. ಕಲಾವಿದರು ನಿಮ್ಮ ಪಕ್ಕದಲ್ಲಿ ಕೂತು ತಾವಾಗಿಯೇ ಮಾತಾಡಿದ ಹಾಗೆ ಕೇಳುತ್ತದೆ. ಪಾಡ್‌ಕಾಸ್ಟ್ ಮಾಡುವವರಲ್ಲಿ ಎಷ್ಟು ಜನಕ್ಕೆ ತಮ್ಮ ದನಿಯನ್ನು ಅಳಿಸುವ ಧೈರ್ಯ ಇರುತ್ತದೆ ಹೇಳಿ? ಅತಿಥಿ ಒಂದು ವಾಕ್ಯ ಮುಗಿಸುವಷ್ಟರಲ್ಲಿ ತಮ್ಮ ಬಾಲ್ಯದ ಕಥೆ ಶುರು ಮಾಡುವವರೇ ಜಾಸ್ತಿ.

ವಾದ್ಯಗಳನ್ನೆಲ್ಲ ತೆಗೆದು ಬರೀ ಕಂಠ ಕೇಳಿಸುವ ಹೊತ್ತಿದೆಯಲ್ಲ, ಅದನ್ನು ಹೆಡ್‌ಫೋನ್ ಹಾಕಿಕೊಂಡೇ ಕೇಳಬೇಕು. ಸಾಲಿಗೂ ಸಾಲಿಗೂ ನಡುವೆ ಉಸಿರು ಎಳೆದುಕೊಳ್ಳುವುದು ಕೇಳುತ್ತದೆ. ತುಟಿ ಬಿಡಿಸುವ ಸಣ್ಣ ಸದ್ದು. ಹಾಡಿನಲ್ಲಿ ಇದು ಯಾವಾಗಲೂ ಇತ್ತು, ಡ್ರಮ್ಮಿನ ಕೆಳಗೆ ಮುಚ್ಚಿಹೋಗಿತ್ತು. ಆಮೇಲೆ ಪೂರ್ತಿ ಹಾಡು ಬಂದಾಗಲೂ ಕಿವಿ ಆ ಉಸಿರನ್ನೇ ಹುಡುಕುತ್ತದೆ. ಒಮ್ಮೆ ಕೇಳಿದ ಮೇಲೆ ಅದು ಬಿಟ್ಟುಹೋಗುವುದಿಲ್ಲ.

ಕಾಣದ್ದರ ಮೇಲೆಯೇ ಕಟ್ಟಿದ ಪಾಡ್‌ಕಾಸ್ಟ್ ಅಂದರೆ '99% ಇನ್‌ವಿಸಿಬಲ್'. ರೋಮನ್ ಮಾರ್ಸ್ 2010ರಲ್ಲಿ ಶುರು ಮಾಡಿದ್ದು. ಹೆಸರು ಬಂದದ್ದು ಅಮೆರಿಕದ ವಿನ್ಯಾಸಕಾರ ಬಕ್‌ಮಿನ್‌ಸ್ಟರ್ ಫುಲ್ಲರ್ ಅವರದ್ದು ಎನ್ನಲಾಗುವ ಒಂದು ಮಾತಿನಿಂದ. ಮೊದಮೊದಲು ರೇಡಿಯೊಗಾಗಿ ಮಾಡುತ್ತಿದ್ದ ನಾಲ್ಕೈದು ನಿಮಿಷದ ತುಣುಕುಗಳು. ವಿಷಯ ಏನಪ್ಪಾ ಅಂದರೆ ವಿನ್ಯಾಸ. ಕಟ್ಟಡ, ರಸ್ತೆ ಫಲಕ, ಕುರ್ಚಿ, ಬಾಗಿಲು. ನಾವು ದಿನಾ ಮುಟ್ಟಿ, ಒಮ್ಮೆಯೂ ನೋಡದ ವಸ್ತುಗಳು. ಗೋಡೆ ಮೇಲೆ ಫಲಕ ಕಂಡರೆ ಓದದೆ ಮುಂದೆ ಹೋಗಬೇಡಿ ಅನ್ನುವುದು ಅವರು ಪದೇ ಪದೇ ಹೇಳುವ ಮಾತು. ನಾನು ಅದನ್ನು ಎಷ್ಟು ಮನಸ್ಸಿಗೆ ತೆಗೆದುಕೊಂಡೆ ಅಂದರೆ, ಈಗ ನನ್ನ ಜೊತೆ ನಡೆಯಲು ಬರುವವರು ಕಡಿಮೆಯಾಗಿದ್ದಾರೆ.

ಅವರ ಬಾವುಟದ ಕಥೆ ನನಗೆ ಬಹಳ ಇಷ್ಟ. ಊರುಗಳ ಬಾವುಟ ಎಷ್ಟು ಕೆಟ್ಟದಾಗಿರುತ್ತವೆ ಅಂತ ರೇಡಿಯೊದಲ್ಲಿ ಹೇಳುವುದು! ತೋರಿಸಲು ಏನೂ ಇಲ್ಲ, ಆದರೂ ನಗು ಬರುವ ಹಾಗೆ ಹೇಳುತ್ತಾರೆ. 2015ರಲ್ಲಿ ಅದನ್ನೇ ಟೆಡ್ ವೇದಿಕೆಯಲ್ಲೂ ಮಾಡಿದರು. ಅದರಲ್ಲಿ ಬರುವ ಒಂದು ಉಪಾಯ ನನಗೆ ಬಾಯಿಪಾಠ ಆಗಿದೆ. ಬಾವುಟ ಬಿಡಿಸಬೇಕೆಂದರೆ ದೊಡ್ಡ ಹಾಳೆ ತೆಗೆದುಕೊಳ್ಳಬೇಡಿ. ಒಂದು ಇಂಚು ಎತ್ತರ, ಒಂದೂವರೆ ಇಂಚು ಅಗಲದ ಚೌಕಟ್ಟು ಬರೆಯಿರಿ. ಅದರೊಳಗೆ ಹಿಡಿಸುವಷ್ಟೇ ನಿಮ್ಮ ಬಾವುಟ. ಯಾಕೆಂದರೆ ಕಂಬದ ತುದಿಯಲ್ಲಿ ಹಾರುವಾಗ ಅದು ಕಾಣುವುದೇ ಅಷ್ಟು. ಅಮೆರಿಕದ ಐಡಾಹೊದ ಪೊಕಾಟೆಲ್ಲೊ ಎಂಬ ಊರಿನ ಬಾವುಟಕ್ಕೆ ಬಾವುಟ ಅಭ್ಯಾಸಿಗಳ ಸಂಘವೊಂದರ 2004ರ ಸಮೀಕ್ಷೆಯಲ್ಲಿ ಎಲ್ಲಕ್ಕಿಂತ ಕೊನೆಯ ಸ್ಥಾನ ಸಿಕ್ಕಿತ್ತು. ಮಾರ್ಸ್ ಅದನ್ನು ವೇದಿಕೆ ಮೇಲೆ ತೋರಿಸಿ ಆಡಿಕೊಂಡರು. 2017ರಲ್ಲಿ ಆ ಊರು ಬಾವುಟವನ್ನೇ ಬದಲಾಯಿಸಿಕೊಂಡಿತು. ಕೇಳುವ ಕಾರ್ಯಕ್ರಮ ಮಾಡುವ ಒಬ್ಬ ಮನುಷ್ಯ ಒಂದು ಊರಿನ ನೆತ್ತಿ ಮೇಲಿನ ಬಟ್ಟೆಯನ್ನು ಬದಲಾಯಿಸಿದ, ನೋಡಿ.

ಇಂಥ ಪಾಡ್‌ಕಾಸ್ಟ್‌ಗಳನ್ನು 'ಸ್ವತಂತ್ರ' ಅನ್ನುತ್ತಾರಲ್ಲ, ಆ ಪದದ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. 2012ರಲ್ಲಿ ಮಾರ್ಸ್ ತಮ್ಮ ಮುಂದಿನ ಸರಣಿಗೆ, ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿ ಕೇಳುಗರ ಹತ್ತಿರವೇ ದುಡ್ಡು ಕೇಳಿದರು. 1,70,000 ಡಾಲರ್‌ಗೂ ಹೆಚ್ಚು ಬಂತು. 2014ರಲ್ಲಿ ಪಿಆರ್‌ಎಕ್ಸ್ ಎಂಬ ಸಾರ್ವಜನಿಕ ರೇಡಿಯೊ ಸಂಸ್ಥೆಯ ಜೊತೆ ಸೇರಿ ರೇಡಿಯೊಟೋಪಿಯಾ ಎಂಬ ಕೂಟ ಕಟ್ಟಿದರು. ಪಾಡ್‌ಕಾಸ್ಟ್ ಅದನ್ನು ಮಾಡಿದವರದ್ದೇ ಆಗಿರಬೇಕು, ಆದರೆ ಎಲ್ಲರೂ ಸೇರಿ ಬದುಕಬೇಕು ಅನ್ನುವ ಕಲ್ಪನೆ ಅದು. ಬಾಸ್ಟನ್ನಿನಲ್ಲಿ ಇನ್ನೂ ಚಿಕ್ಕದಾಗಿ 2017ರಲ್ಲಿ 'ಹಬ್ ಅಂಡ್ ಸ್ಪೋಕ್' ಕೂಟ ಹುಟ್ಟಿತು, ಲೋನ್ಲಿ ಪ್ಯಾಲೆಟ್ ಅದರಲ್ಲಿದೆ. 2021ರಲ್ಲಿ ಮಾರ್ಸ್ ತಮ್ಮ ಪಾಡ್‌ಕಾಸ್ಟನ್ನು ಸ್ಟಿಚರ್ ಎಂಬ ದೊಡ್ಡ ಕಂಪನಿಗೆ ಮಾರಿದರು. ಅವತ್ತು ನನಗೆ ಬೇಜಾರಾಯಿತು. ಆಮೇಲೆ ನನ್ನ ಬೇಜಾರಿನ ಮೇಲೆಯೇ ನಗು ಬಂತು. ಹತ್ತು ವರ್ಷ ಪುಕ್ಕಟೆ ಕೇಳಿದವನು ನಾನು. ಅವರು ಹೊಟ್ಟೆಗೆ ಏನು ತಿನ್ನಬೇಕು ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಒಬ್ಬರೇ ಕೂತು ಮಾಡಿದ್ದು ಲೋಕವೆಲ್ಲ ಹೋಗಲು ಸಾಧ್ಯವಾಗಿದ್ದು ಫೀಡ್ ಎಂಬ, ಹೊಸದು ಬಂದಾಗ ತಾನಾಗಿಯೇ ತಲುಪಿಸುವ ಸರಳ ವ್ಯವಸ್ಥೆಯಿಂದ. 2000ದ ಆಸುಪಾಸಿನಲ್ಲಿ ಡೇವ್ ವೈನರ್, ಆಡಮ್ ಕರಿ ಮುಂತಾದವರು ಬ್ಲಾಗಿನ ಫೀಡ್‌ಗೆ ಆಡಿಯೊ ಕಡತ ಅಂಟಿಸುವ ದಾರಿ ಕಂಡುಕೊಂಡರು. ಫೀಡ್‌ಗೆ ಮಾಲೀಕರಿಲ್ಲ. ಯಾವ ಆಪ್ ಬೇಕಾದರೂ ಅದನ್ನು ಓದಬಹುದು. ಪಾಡ್‌ಕಾಸ್ಟ್ ಅನ್ನುವ ಹೆಸರು ಮೊದಲು ಅಚ್ಚಾದದ್ದು 2004ರ ಫೆಬ್ರವರಿಯಲ್ಲಿ, ಗಾರ್ಡಿಯನ್ ಪತ್ರಿಕೆಯಲ್ಲಿ ಬೆನ್ ಹ್ಯಾಮರ್ಸ್‌ಲಿ ಬರೆದ ಲೇಖನದಲ್ಲಿ. ಐಪಾಡ್‌ನ 'ಪಾಡ್' ಅದರಲ್ಲಿದೆ. 2022ರಲ್ಲಿ ಐಪಾಡ್ ಮಾರಾಟವೇ ನಿಂತಿತು. ಹೆಸರು ಮಾತ್ರ ಉಳಿದುಕೊಂಡಿತು. ಅಜ್ಜನ ಹೆಸರಿಟ್ಟುಕೊಂಡ ಮೊಮ್ಮಗನ ಹಾಗೆ.

ಚಂದದ ಬಗ್ಗೆ ಮಾತು ಬಂದಾಗ ಬಟ್ಟೆಯನ್ನು ಬಿಡಲಾಗುವುದಿಲ್ಲ. ಫ್ಯಾಶನ್ ಪಾಡ್‌ಕಾಸ್ಟ್ ಅಂದರೆ ನಾನು ದೂರ. ಯಾರು ಯಾವ ಸಮಾರಂಭಕ್ಕೆ ಏನು ಹಾಕಿಕೊಂಡರು ಅನ್ನುವುದು ನನಗೆ ಬೇಡ. ಆದರೆ ಏವರಿ ಟ್ರಫಲ್‌ಮನ್ ಮಾಡುವ 'ಆರ್ಟಿಕಲ್ಸ್ ಆಫ್ ಇಂಟರೆಸ್ಟ್' ಬೇರೆ ಜಾತಿ. 2018ರಲ್ಲಿ 99% ಇನ್‌ವಿಸಿಬಲ್‌ನ ಒಳಗೆ ಹುಟ್ಟಿ, ಆಮೇಲೆ ತನ್ನ ಕಾಲ ಮೇಲೆ ನಿಂತದ್ದು. ಅದರ ಮೊದಲ ಸರಣಿಯಲ್ಲಿ ಜೇಬಿನ ಮೇಲೊಂದು ಕಂತಿದೆ. ಹೆಂಗಸರ ಬಟ್ಟೆಗೆ ಯಾಕೆ ಸರಿಯಾದ ಜೇಬು ಇರುವುದಿಲ್ಲ?

ಇದು ಜುಜುಬಿ ಪ್ರಶ್ನೆ ಅನಿಸಬಹುದು. ಹಿಂದೆ ಯುರೋಪಿನಲ್ಲಿ ಗಂಡಸರ ಕೋಟಿಗೆ ಜೇಬನ್ನು ಹೊಲಿದೇ ಕೊಡುತ್ತಿದ್ದರು. ಹೆಂಗಸರಿಗೆ ಜೇಬು ಅಂದರೆ ಬೇರೆಯೇ ಚೀಲ. ಸೊಂಟಕ್ಕೆ ಲಾಡಿಯಲ್ಲಿ ಕಟ್ಟಿಕೊಂಡು, ಮೇಲೆ ಲಂಗ ಹಾಕಿ, ಲಂಗದ ಸೀಳಿನಲ್ಲಿ ಕೈ ತೂರಿಸಬೇಕು. ಸಾಕಷ್ಟು ದೊಡ್ಡ ಚೀಲಗಳೇ ಅವು. 18ನೇ ಶತಮಾನದ ಕೊನೆಯಲ್ಲಿ ಮೈಗೆ ಅಂಟುವಂಥ ತೆಳು ಉಡುಪುಗಳು ಬಂದವು. ಒಳಗೆ ಚೀಲ ಕಟ್ಟಿದರೆ ಉಬ್ಬಿ ಕಾಣುತ್ತದೆ. ಹಾಗಾಗಿ ಚೀಲ ಹೊರಗೆ ಬಂದು ಕೈಗೆ ಸೇರಿತು, ಪುಟ್ಟದಾಯಿತು. ಕೀಲಿ ಯಾರ ಹತ್ತಿರ, ದುಡ್ಡು ಯಾರ ಹತ್ತಿರ, ಮನೆಯಿಂದ ಹೊರಟವರ ಕೈ ಖಾಲಿ ಇರುತ್ತದೋ ಇಲ್ಲವೋ ಅನ್ನುವುದೆಲ್ಲ ಒಂದು ತುಂಡು ಬಟ್ಟೆಯಲ್ಲಿ ಅಡಗಿದೆ. ಆ ಕಂತು ಕೇಳಿದ ಮೇಲೆ ಬಟ್ಟೆ ಅಂಗಡಿಯಲ್ಲಿ ನಾನು ಹೆಂಗಸರ ಪ್ಯಾಂಟಿನ ಜೇಬಿಗೆ ಬೆರಳು ಹಾಕಿ ಆಳ ನೋಡುತ್ತಿದ್ದೆ. ಅಂಗಡಿಯವರು ಬಂದು ಏನು ಬೇಕಿತ್ತು ಅಂತ ಕೇಳಿದರು. ಏನಂತ ಹೇಳಲಿ?

'ದಿ ಮೆಮೊರಿ ಪ್ಯಾಲೇಸ್' ಬಗ್ಗೆ ಜಾಸ್ತಿ ಹೇಳಿದರೆ ಕೆಡುತ್ತದೆ. ನೇಟ್ ಡಿಮೇಯೊ ಒಬ್ಬರೇ 2008ರಿಂದ ಮಾಡುತ್ತಿದ್ದಾರೆ. ಹಳೆಯ ಕಾಲದ ಯಾರದೋ ಬದುಕಿನ ಒಂದು ತುಣುಕು. ಸಂದರ್ಶನ ಇಲ್ಲ, ತಜ್ಞರಿಲ್ಲ. ಒಂದು ದನಿ, ಹಿಂದೆ ಸಂಗೀತ. ಎಷ್ಟೋ ಕಂತು ಒಂದು ಕಾಫಿ ಮುಗಿಯುವಷ್ಟರಲ್ಲಿ ಮುಗಿಯುತ್ತವೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಇವರನ್ನು ಕೆಲವು ಕಾಲ ತಮ್ಮಲ್ಲೇ ಇದ್ದು ಕೆಲಸ ಮಾಡುವ ಕಲಾವಿದರಾಗಿ ('ಆರ್ಟಿಸ್ಟ್ ಇನ್ ರೆಸಿಡೆನ್ಸ್') ಇಟ್ಟುಕೊಂಡಿತ್ತು. ಮ್ಯೂಸಿಯಂಗೆ ಒಬ್ಬ ಪಾಡ್‌ಕಾಸ್ಟರ್! ನಾನು ಇದನ್ನು ಬೇರೆ ಕೆಲಸ ಮಾಡುತ್ತಾ ಕೇಳುವುದಿಲ್ಲ. ಸುಮ್ನೆ ಕೂತು ಕೇಳುತ್ತೇನೆ.

ಕೇಟಿ ಹೆಸೆಲ್ ಅವರ 'ದಿ ಗ್ರೇಟ್ ವಿಮೆನ್ ಆರ್ಟಿಸ್ಟ್ಸ್' ಆರಿಸಿ ಆರಿಸಿ ಕೇಳುವಂಥದ್ದು. 2019ರಲ್ಲಿ ಶುರುವಾಯಿತು. ಕಲೆಯ ಇತಿಹಾಸದಲ್ಲಿ ಬಿಟ್ಟುಹೋದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕರೆತರುತ್ತಾರೆ. ಕೆಲವು ಕಂತುಗಳಲ್ಲಿ ಹೊಗಳಿಕೆ ಸ್ವಲ್ಪ ಜಾಸ್ತಿಯಾಯಿತು ಅನಿಸುತ್ತದೆ. ಆದರೆ ಅತಿಥಿಗೆ ತಾನು ಹೇಳುವ ಕಲಾವಿದೆಯ ಮೇಲೆ ನಿಜವಾದ ಹುಚ್ಚು ಇದ್ದಾಗ ಆ ಕಂತು ಎಲ್ಲಿಗೋ ಹೋಗಿಬಿಡುತ್ತದೆ. ಇಲ್ಲೂ ಅದೇ ನೋಡಿ, ಅಳಿಸಿದ ಗೋಡೆ. ಇಲ್ಲಿ ಮಾತ್ರ ಅಳಿಸಿದ್ದು ಕಲಾವಿದರಲ್ಲ, ಬೇರೆಯವರು. ಹಾಗಾಗಿ ತೆಗೆದುಹಾಕಿದ್ದೆಲ್ಲ ಚಂದ ಅಂತ ನಾನು ಹೇಳುತ್ತಿಲ್ಲ.

ಸದ್ದಿನ ಬಗ್ಗೆಯೇ ಇರುವುದು 'ಟ್ವೆಂಟಿ ಥೌಸಂಡ್ ಹರ್ಟ್ಸ್'. ಧ್ವನಿ ವಿನ್ಯಾಸಕ ಡಲ್ಲಾಸ್ ಟೇಲರ್ 2016ರಲ್ಲಿ ಶುರು ಮಾಡಿದ್ದು. ಮನುಷ್ಯರ ಕಿವಿಗೆ ಕೇಳುವ ಮೇಲಿನ ಮಿತಿ ಸುಮಾರು 20,000 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ, ಹೆಸರು ಅದರಿಂದ. ವಯಸ್ಸಾದಂತೆ ಆ ಮಿತಿ ಕೆಳಗಿಳಿಯುತ್ತದೆ. ಆದ್ದರಿಂದ ತನ್ನ ಹೆಸರಿನ ಸದ್ದೇ ಕೇಳದವರೂ ಅದನ್ನು ಕೇಳುತ್ತಿದ್ದಾರೆ, ನಾನೂ ಸೇರಿ. ಅದರಲ್ಲಿ ಅಮೆರಿಕದ ಸಂಗೀತ ರಚನೆಕಾರ ಜಾನ್ ಕೇಜ್‌ನ ಆ ಪ್ರಸಿದ್ಧ ನಾಲ್ಕು ನಿಮಿಷ ಮೂವತ್ತಮೂರು ಸೆಕೆಂಡಿನ ಕೃತಿಯ ಕಥೆ ಬರುತ್ತದೆ. 1952ರ ಆಗಸ್ಟ್ 29ರಂದು ನ್ಯೂಯಾರ್ಕ್ ರಾಜ್ಯದ ವುಡ್‌ಸ್ಟಾಕ್‌ನಲ್ಲಿ ಡೇವಿಡ್ ಟ್ಯೂಡರ್ ಪಿಯಾನೊ ಮುಂದೆ ಕೂತು, ಒಂದು ಸ್ವರವನ್ನೂ ನುಡಿಸದೆ ಎದ್ದುಹೋದರು. ಸಭಾಂಗಣದ ಹಿಂಭಾಗ ಕಾಡಿಗೆ ತೆರೆದುಕೊಂಡಿತ್ತು. ಜನಕ್ಕೆ ಕೇಳಿದ್ದು ಹೊರಗಿನ ಗಾಳಿ, ಮಳೆ ಹನಿ, ಕೊನೆಗೆ ಸಿಟ್ಟಾಗಿ ಎದ್ದು ಹೋಗುವವರ ಕಾಲ ಸಪ್ಪಳ.

ಇದು ಬರೀ ತಮಾಷೆ ಅಂತ ನಾನು ಬಹಳ ಕಾಲ ಅಂದುಕೊಂಡಿದ್ದೆ. ನಾನೇ ಒಂದು ಕಂತು ರೆಕಾರ್ಡ್ ಮಾಡಲು ಹೋದಾಗ ಬುದ್ಧಿ ಬಂತು.

ಹೌದು, ನಾನೂ ಒಂದು ಕೈ ನೋಡಿದೆ. ಇಷ್ಟು ಕೇಳಿದವನಿಗೆ ಮಾಡಲು ಬರುವುದಿಲ್ಲವೇ ಅನ್ನುವ ಹುಮ್ಮಸ್ಸು. ವಿಷಯ ಕತ್ತರಿ. ಮನೆಯಲ್ಲಿದ್ದ ಹಳೆಯ ಕಬ್ಬಿಣದ ಕತ್ತರಿ, ಅದರ ಎರಡು ಉಂಗುರಗಳು ಯಾಕೆ ಒಂದೇ ಅಳತೆಯಲ್ಲಿಲ್ಲ ಅನ್ನುವುದು. ಖಾಲಿ ಕೋಣೆಯಲ್ಲಿ ಮಾತಾಡಿದರೆ ದನಿ ಗೋಡೆಗೆ ಬಡಿದು ವಾಪಸ್ ಬಂದು, ಬಾವಿಯೊಳಗಿನಿಂದ ಮಾತಾಡಿದ ಹಾಗೆ ಕೇಳುತ್ತದೆ. ಬಟ್ಟೆ ಆ ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತದೆ. ಅದಕ್ಕೇ ದುಡ್ಡಿಲ್ಲದ ಪಾಡ್‌ಕಾಸ್ಟರ್‌ಗಳು ಬಟ್ಟೆ ಕಪಾಟಿನಲ್ಲಿ ತಲೆ ತೂರಿಸಿ ಮಾತಾಡುವುದು. ನಾನೂ ತೂರಿಸಿದೆ. ಶರ್ಟುಗಳ ನಡುವೆ ಮುಖ, ತಲೆ ಮೇಲೆ ಹೊದಿಕೆ. ಬೆವರು ಸುರಿಯುತ್ತಿತ್ತು. 'ಪ' ಬಂದಾಗಲೆಲ್ಲ ಗಾಳಿ ಮೈಕಿಗೆ ಬಡಿದು ಡಬ್ ಡಬ್ ಅನ್ನುತ್ತಿತ್ತು. 'ಭ', 'ಫ' ಅಂತೂ ಕೇಳಲೇಬೇಡಿ. ನನ್ನ ಟಿಪ್ಪಣಿಯಲ್ಲಿ 'ಭಾರ' ಅಂತಿದ್ದ ಕಡೆಯೆಲ್ಲ 'ತೂಕ' ಮಾಡಿಕೊಂಡೆ. ನಲವತ್ತು ನಿಮಿಷ ಮಾತಾಡಿ ಹೊರಗೆ ಬಂದು ನೋಡಿದರೆ, ಕಂಪ್ಯೂಟರ್ ಆ ಹೊಸ ಮೈಕನ್ನು ಆರಿಸಿಕೊಂಡೇ ಇರಲಿಲ್ಲ. ಕೋಣೆಯ ಆಚೆ ತುದಿಯಲ್ಲಿದ್ದ ತನ್ನದೇ ಮೈಕಿನಲ್ಲಿ ಎಲ್ಲ ದಾಖಲಾಗಿತ್ತು. ಕಪಾಟಿನಿಂದ ಯಾರೋ ಸಹಾಯಕ್ಕೆ ಕೂಗುತ್ತಿರುವ ಹಾಗೆ.

ಎರಡನೇ ಸಲ ಸರಿಯಾಗಿ ಮಾಡಿದೆ. ಕತ್ತರಿಸಲು ಕೂತೆ. ತಡವರಿಸಿದ್ದು, ಕೆಮ್ಮಿದ್ದು, ಒಂದೇ ಮಾತು ಎರಡು ಸಲ ಹೇಳಿದ್ದು ಎಲ್ಲ ತೆಗೆದೆ. ತೆಗೆದ ಜಾಗದಲ್ಲಿ ಪೂರ್ತಿ ಮೌನ ಇಟ್ಟೆ. ಕೇಳಿದರೆ ಭಯವಾಯಿತು. ವಾಕ್ಯಗಳ ನಡುವೆ ಯಾರೋ ಲೋಕವನ್ನೇ ಆಫ್ ಮಾಡಿದ ಹಾಗೆ. ಆಗ ಗೊತ್ತಾದದ್ದು, ಈ ಕೆಲಸದವರು 'ರೂಮ್ ಟೋನ್' ಅಂತ ಒಂದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳುತ್ತಾರೆ ಅಂತ. ಮಾತೆಲ್ಲ ಮುಗಿದ ಮೇಲೆ ಅದೇ ಕೋಣೆಯಲ್ಲಿ, ಅದೇ ಮೈಕಿನ ಮುಂದೆ ಅರ್ಧ ನಿಮಿಷವೋ ಒಂದು ನಿಮಿಷವೋ ಸುಮ್ಮನೆ ಕೂರುವುದು. ಕತ್ತರಿಸಿದ ಕಡೆಯೆಲ್ಲ ಆ ಸುಮ್ಮನಿರುವಿಕೆಯನ್ನು ತೇಪೆ ಹಾಕುವುದು. ಹಾಗೆ ಕೂತು ಹೆಡ್‌ಫೋನಿನಲ್ಲಿ ಕೇಳಿದೆ. ಫ್ರಿಜ್ಜಿನ ಗುಂಯ್. ದೂರದ ಗಾಡಿ. ನಾನೇ ಎಂಜಲು ನುಂಗಿದ್ದು. ನನ್ನ ಮೌನ ಇಷ್ಟು ಗಲಾಟೆಯದ್ದು ಅಂತ ಗೊತ್ತಿರಲಿಲ್ಲ.

ಕಂತನ್ನು ನಾಲ್ಕು ಜನಕ್ಕೆ ಕಳಿಸಿದೆ. ಒಬ್ಬರು ಪೂರ್ತಿ ಕೇಳಿದರು. ಅಲ್ಲಿಗೆ ನನ್ನ ಪಾಡ್‌ಕಾಸ್ಟ್ ಜೀವನ ಮುಗಿಯಿತು.

ಅದಾದ ಮೇಲೆ ನಿಂತುಹೋದ ಪಾಡ್‌ಕಾಸ್ಟ್‌ಗಳ ಮೇಲೆ ನನಗೆ ಮೊದಲಿನ ಸಿಟ್ಟಿಲ್ಲ. ನನ್ನ ಪಟ್ಟಿಯಲ್ಲಿ ಅಂಥವು ಹತ್ತಾರು ಇವೆ. ಏಳೆಂಟು ಕಂತು ಬಂದು, ಮುಂದಿನ ವಾರ ಸಿಗೋಣ ಅಂತ ಹೇಳಿ, ಆಮೇಲೆ ಇಲ್ಲ. ಜಗಳವಾಯಿತೋ, ಮಗು ಹುಟ್ಟಿತೋ, ದುಡ್ಡು ಮುಗಿಯಿತೋ, ಸುಮ್ನೆ ಸಾಕಾಯಿತೋ. ನಾನು ಅವನ್ನು ಪಟ್ಟಿಯಿಂದ ತೆಗೆಯುವುದಿಲ್ಲ. ಒಮ್ಮೆ ಹಾಗೆ ಮೂರು ವರ್ಷ ಸುಮ್ಮನಿದ್ದ ಒಂದು ಫೀಡಿನಲ್ಲಿ ಇದ್ದಕ್ಕಿದ್ದಂತೆ ಹೊಸ ಕಂತು ಬಂತು. ತಡವಾಯಿತು ಕ್ಷಮಿಸಿ ಅಂತಲೂ ಹೇಳಲಿಲ್ಲ. ಬಿಟ್ಟ ಜಾಗದಿಂದಲೇ ಮಾತು ಮುಂದುವರಿಸಿದರು.

ನನಗೆ ಕೇಳಲಾಗದ್ದು ಒಂದೇ ಬಗೆ. ಇಬ್ಬರು ಮೂವರು ಗೆಳೆಯರು ಕೂತು, ಮೊದಲ ಹದಿನೈದು ನಿಮಿಷ ತಮ್ಮ ತಮ್ಮಲ್ಲೇ ನಗುತ್ತಾ, ಆಮೇಲೆ ತಾವು ನೋಡಿರದ ಪ್ರದರ್ಶನದ ಬಗ್ಗೆ ಅಭಿಪ್ರಾಯ ಹೇಳುವುದು. ಹರಟೆಯ ಮೇಲೆ ನನಗೇನೂ ದ್ವೇಷವಿಲ್ಲ. ಒಳ್ಳೆಯ ಹರಟೆಯಲ್ಲಿ ಕೇಳುವವರಿಗೂ ಒಂದು ಚಾಪೆ ಹಾಸಿರುತ್ತಾರೆ. ಇಲ್ಲಿ ನಾವು ಕಿಟಕಿಯಲ್ಲಿ ಇಣುಕಿದ ಹಾಗಾಗುತ್ತದೆ.

ಸರಿ, ಆ ಚಿತ್ರದ ವಿಷಯಕ್ಕೆ ಬರುತ್ತೇನೆ. ಗೆಳತಿ ಬಿಡಿಸಿದ್ದನ್ನು ಫೋಟೊ ತೆಗೆದು ಕಳಿಸಿದಳು. ಕಿಟಕಿ ಇತ್ತು. ಹೂಜಿ ಇತ್ತು. ಕೆಳಗಿನ ಕೈ ಚೆನ್ನಾಗಿ ಬಂದಿತ್ತು. ಮೇಜು ಮಾತ್ರ ತೀರಾ ದೊಡ್ಡದು, ಹೆಂಗಸು ಅದರ ಹಿಂದೆ ಪುಟ್ಟ ಹುಡುಗಿಯ ಹಾಗೆ ನಿಂತಿದ್ದಳು. ಬ್ರೆಡ್ಡನ್ನು ನಾನು ಅಷ್ಟು ಹೊತ್ತು ಹೇಳಿದ್ದೆನಲ್ಲ, ಅದಕ್ಕೆ ಮೇಜಿನ ತುಂಬ ಬ್ರೆಡ್ಡೇ. ಹಾಲಿನ ದಾರ ಎಷ್ಟು ಸಣ್ಣಗಿತ್ತೆಂದರೆ ಫೋಟೊದಲ್ಲಿ ಕಾಣಲೇ ಇಲ್ಲ. ಹಿಂದೆ ಖಾಲಿ ಗೋಡೆ, ಬಿಳಿ ಹಾಳೆ ಹಾಗೇ ಬಿಟ್ಟಿದ್ದಳು. ಆಗ ಅವಳಿಗೆ ಚಿತ್ರದ ಹೆಸರು ಹೇಳಿದೆ.

ಹತ್ತು ನಿಮಿಷ ಬಿಟ್ಟು ಫೋನ್ ಬಂತು.

"ಗೋಡೆ ಖಾಲಿ ಅಂದಿದ್ದೆ."

"ಖಾಲಿನೇ ಅಲ್ವಾ? ಎಲ್ಲ ಅಳಿಸಿಬಿಟ್ಟಿದ್ದಾನೆ."

"ಮೊಳೆ ಇದೆ."

ಇರಲಾರದು ಅಂದುಕೊಂಡೇ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಮೇಲೆ, ಬರಿ ಗೋಡೆಯಲ್ಲಿ ಒಂದು ಮೊಳೆ. ಏನನ್ನೂ ನೇತುಹಾಕಿಲ್ಲ. ಅದಕ್ಕೊಂದು ನೆರಳೂ ಇದೆ. ಆಚೀಚೆ ಹಳೆಯ ಮೊಳೆಗಳನ್ನು ಕಿತ್ತ ತೂತುಗಳು. ಕಿಟಕಿಯ ಒಂದು ಗಾಜು ಕೂಡ ಒಡೆದಿದೆ, ಅದನ್ನೂ ನಾನು ಹೇಳಿರಲಿಲ್ಲ.

ಮುಂದಿನ ಭಾನುವಾರ ಹೇಳುವ ಸರದಿ ಅವಳದು. ನಾನು ಪೆನ್ಸಿಲ್ ಹೆರೆದು ಇಟ್ಟುಕೊಂಡಿದ್ದೇನೆ.